ಟಕ್ ಅಂದಾಗ ಸ್ಟ್ಯಾಚ್ಯೂ!

"ಹಿತ್ತಲ ಗಾಯಕ ಹಿಟ್ಟಲ್ಲ" ಎಂದು ದೊಡ್ಡವರು ಹೇಳಿದ್ದಾರೆ...
ಹೇಳಿಲ್ಲವೇ? ಬಿಡಿ, ಇನ್ನು ಮುಂದೆ ಹೇಳುತ್ತಾರೆ.

ಇದು ನಿಜವಾಗಿ ನಡೆದ ಕಥೆ... ನಮ್ಮ ದಾವಣಗೆರೆಯ ವಾಕಿಂಗ್ ಪಾರ್ಕಿನಲ್ಲಿ ನಡೆದದ್ದು, ಹಾಗಾಗಿ ನಡೆದೇ ನಡೆದದ್ದು!

ನನಗೊಂದು ಹುಚ್ಚು. ತೊಂಬತ್ತರ ದಶಕದ ಹಳೇ ಪಾಪ್ ಕ್ಯಾಸೆಟ್ ಹುಡುಕುವುದು.
ಒಂದೇ ಕ್ಯಾಸೆಟ್ ಹಾಡಿ ಮಾಯವಾದವರು, ಕತ್ತಲಲ್ಲೂ ಕೂಲಿಂಗ್ ಗ್ಲಾಸ್ ತೆಗೆಯದವರು, ಪ್ಯಾರಾಚೂಟ್ ಪ್ಯಾಂಟ್ ತೊಟ್ಟೂ ಮೇಲೇಳದವರು... ಪಾಪ, ಎಲ್ಲರೂ 'ಪಾಪ್' ಗಾಯಕರೇ!

ಮೊನ್ನೆ ಗುಜರಿ ಅಂಗಡಿಯಲ್ಲಿ ಅಂಥದ್ದೇ ಒಂದು ಸಿಕ್ಕಿತು. ಕವರಿನ ಮೇಲೆ ಬೆಳ್ಳಿ ಬಣ್ಣದ ಕೋಟು, ಭುಜದವರೆಗೆ ಕೂದಲು, ಕೆಳಗೆ ಹೆಸರು... 'ಮೂನ್ ಮೌಳಿ'.

ಈ ಮೂಗನ್ನು ಎಲ್ಲೋ ನೋಡಿದ್ದೇನಲ್ಲ...
ಅಯ್ಯೋ! ನಮ್ಮ ಕನ್ನಡಕದ ಅಂಗಡಿಯ ಚಂದ್ರಮೌಳಿ ಸಾರ್!

ಸಂಜೆ ಪಾರ್ಕಿನ ನಗೆಕೂಟದಲ್ಲಿ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಗುವಾಗ, ಡಾಕ್ಟರ್ ಬರೆದುಕೊಟ್ಟ ಟಾನಿಕ್ಕಿನಂತೆ ಅಳೆದು "ಹ... ಹ..." ಎನ್ನುವ ಮನುಷ್ಯ!

ಕ್ಯಾಸೆಟ್ ತೋರಿಸಿದೆ. ಅವರ ಮುಖ ಬಾಡಿತು.

"ಎಸೀರಿ ಅದನ್ನ. ಕೊನೇ ಹಾಡು ನನ್ನ ಜೀವ ಆಗಿತ್ತು. ಟೇಪು ಸಾಲ್ಲಿಲ್ಲ ಅಂತ ಕಂಪನಿಯೋರು ಅರ್ಧಕ್ಕೇ ಕತ್ತರಿಸಿಬಿಟ್ರು. ಯಾರೂ ಕೊಳ್ಳಲಿಲ್ಲ, ಯಾರೂ ಕೇಳಲಿಲ್ಲ... ಅಟ್ಟದ ಮೇಲೆ ಆ ಕೋಟು ಇನ್ನೂ ಐತೆ. ಅದನ್ನೂ ಗುಜರಿಗೆ ಹಾಕ್ತೀನಿ."

ಅಲ್ಲಿಗೆ ನಾನು ಸುಮ್ಮನಾಗಬಹುದಿತ್ತು. ಆದರೆ ನನ್ನಂಥ ಮಿಮಿಕ್ರಿ ಮಾಡುವವನ ನಾಲಿಗೆ ಬಾಯೊಳಗೆ ಬಾಡಿಗೆಗೆ ಇರುತ್ತದೆ... ಯಾವಾಗ ಹೊರಗೆ ಬೀಳುತ್ತದೋ ಗೊತ್ತಾಗುವುದಿಲ್ಲ!

ಮರುದಿನ ಬೇರೆ ನಂಬರಿನಿಂದ, ಮೂಗು ಹಿಡಿದುಕೊಂಡು ಫೋನ್ ಮಾಡಿದೆ.

"ಹಲ್ಲೋ ಮಿಸ್ಟರ್ ಮೂನ್... ನಾನು ಸ್ವೀಡನ್ ದೇಶದ ಅಭಿಮಾನಿ ಇದ್ದೇನೆ ಆಗಿದೆ. ನಿಮ್ಮ ಹಾಡು ಕೇಳಿ ನನಗೆ ಹೊಟ್ಟೆ ತುಂಬಿತು. ಭಾನುವಾರ ಸಂಜೆ ಪಾರ್ಕಿಗೆ ಬರುತ್ತೇನೆ. ಕೋಟು ಹಾಕಿ!"

ಆ ಕಡೆಯಿಂದ ಮೌಳಿ ಸಾರ್ ಮೆಲ್ಲಗೆ ಕೇಳಿದರು...
"ಕೋಟು ಸ್ವಲ್ಪ ಟೈಟ್ ಆಗೈತೆ ಸಾರ್. ಪರವಾಗಿಲ್ವಾ?"

ಭಾನುವಾರ ನಗೆಕೂಟದವರೆಲ್ಲ ಟೇಪ್ ರೆಕಾರ್ಡರಿಗೆ ಅದೇ ಕ್ಯಾಸೆಟ್ ಹಾಕಿ, ಕೊನೆಯ ಹಾಡಿಗೆ ತಿರುಗಿಸಿಟ್ಟುಕೊಂಡು ಕಾದೆವು.

ಬಂದರು! ಬೆಳ್ಳಿ ಕೋಟು ಮಿರಮಿರ. ಹೊಟ್ಟೆಯ ಮೇಲೆ ಒಂದೇ ಒಂದು ಗುಂಡಿ ಜೀವ ಬಿಗಿಹಿಡಿದು ನಿಂತಿತ್ತು. ಉಳಿದಷ್ಟು ಕೂದಲಿಗೆ ಡೈ ಬೇರೆ.

"ಸ್ವೀಡನ್‌ನೋರು ಎಲ್ರಿ?"

ನಾನು ಮೂಗು ಹಿಡಿದೆ. "ಇಲ್ಲೇ ಇದ್ದೇನೆ ಆಗಿದೆ!"

ಎಲ್ಲರೂ ಬಿದ್ದು ಬಿದ್ದು ನಕ್ಕರು...
ಮೌಳಿ ಸಾರ್ ನಗಲಿಲ್ಲ.

"ನಿದ್ದೇನೇ ಬಂದಿರ್ಲಿಲ್ಲ ಕಣ್ರಿ... ಒಬ್ಬನಾದ್ರೂ ಕೇಳಿದಾನಲ್ಲ ಅಂತ," ಎಂದು ಕೋಟು ಬಿಚ್ಚಲು ಗುಂಡಿಗೆ ಕೈ ಹಾಕಿದರು.

ನಮ್ಮ ನಗು ಅಲ್ಲಿಗೇ ನಿಂತಿತು. ನಾನು ಗಡಬಡಿಸಿ ಪ್ಲೇ ಬಟನ್ ಒತ್ತಿಬಿಟ್ಟೆ.

ಢಂಕ ಢಂಕ ಡ್ರಮ್ಮು... ಅದೇ ಕೊನೆಯ ಹಾಡು!

ಅಷ್ಟರಲ್ಲಿ ವಾಕಿಂಗ್ ಟ್ರ್ಯಾಕಿನಿಂದ ಯಾರೋ ಓಡಿಬಂದರು. ಹೈಸ್ಕೂಲಿನ ಪಿ.ಟಿ. ಟೀಚರ್ ಜಬೀನಾ ಮೇಡಂ! ಅವರ ಸೀಟಿ ಕೇಳಿದರೆ ಪಾರ್ಕಿನ ನಾಯಿಗಳೂ ಸಾಲಾಗಿ ನಿಲ್ಲುತ್ತವೆ. ಅಂಥವರು ಸೊಂಟದ ಮೇಲೆ ಕೈಯಿಟ್ಟು ಕುಣಿಯತೊಡಗಿದರು!

ಗೇಟಿನ ಬಳಿ ಮಿರ್ಚಿ ಕರಿಯುತ್ತಿದ್ದ ಹಾಲೇಶಣ್ಣ ಜಾಲರಿ ಸೌಟು ಹಿಡಿದುಕೊಂಡೇ ಬಂದ. ಬೆಂಚಿನ ಮೇಲೆ ಮುನಿಸಿಕೊಂಡು ಕೂತಿದ್ದ ಗಂಡ ಹೆಂಡತಿಯೂ ಎದ್ದರು. ಎಲ್ಲರ ಬಾಯಲ್ಲೂ ಅದೇ ಹಾಡು...

"ತಿರುಗಿ ನೋಡೆ ಹುಡುಗಿ, ನನ್ನ ಎದೆಯ ತುಂಬ..."

ಟಕ್! ಟೇಪು ಮುಗಿಯಿತು.

ಕುಣಿಯುತ್ತಿದ್ದವರೆಲ್ಲ ಆ ಕ್ಷಣಕ್ಕೇ ಕಲ್ಲಾದರು. ಜಬೀನಾ ಮೇಡಂ ಒಂಟಿ ಕಾಲಲ್ಲಿ... ಹಾಲೇಶಣ್ಣನ ಸೌಟು ಆಕಾಶದಲ್ಲಿ, ಎಣ್ಣೆ ಮಾತ್ರ ತೊಟ್ಟಿಕ್ಕುತ್ತಿತ್ತು.

"ಏನಾಯ್ತು ಮೇಡಂ?" ಎಂದೆ.

ಅವರು ತುಟಿ ಅಲುಗಿಸದೆ ಹೇಳಿದರು, "ಸ್ಟ್ಯಾಚ್ಯೂ! ಅಲ್ಲಾಡಿದೋರು ಔಟ್. ನಮ್ಮ ಹಾಸ್ಟೆಲ್ ಹುಡುಗೀರು ಈ ಹಾಡಿಗೆ ಕುಣೀತಿದ್ದಿದ್ದೇ ಈ ಟಕ್‌ಗೋಸ್ಕರ!"

"ನಮ್ಮ ಕೇರೀಲೂ ಇದೇ ಆಟ," ಎಂದ ಹಾಲೇಶಣ್ಣ. "ಒಬ್ರು ಕ್ಯಾಸೆಟ್ ತಂದ್ರೆ ಊರೆಲ್ಲ ಕಾಪಿ ಹೊಡ್ಕೋತಿದ್ವಿ."

ಮೌಳಿ ಸಾರ್ ಕಣ್ಣು ತುಂಬಿ ಬಂತು.
"ಅದು... ನಾನೇ ಹಾಡಿದ್ದು ಕಣ್ರಮ್ಮಾ."

ಸ್ಟ್ಯಾಚ್ಯೂ ಒಡೆಯಿತು.

"ನೀವಾ?! ಯಾರೋ ಬಾಂಬೆ ಹೀರೋ ಅಂತ ಕನಸು ಕಂಡಿದ್ವಲ್ರೀ! ವರ್ಷಾ ವರ್ಷಾ ನನ್ನ ಕಣ್ಣು ಪರೀಕ್ಷೆ ಮಾಡ್ತೀರ, ಒಂದು ಮಾತು ಹೇಳ್ಬಾರ್ದಾ?"

ಮೌಳಿ ಸಾರ್ ಕೈಗಳೆರಡನ್ನೂ ಮೇಡಂ ಹಿಡಿದುಕೊಂಡರು. "ಇವತ್ತು ಹೇಳ್ಲೇಬೇಕು ಸಾರ್... ಎದೆಯ ತುಂಬ ಏನು? 'ನೀನೇ' ಅಂತ ನಾನು, 'ಗಾಯ' ಅಂತ ನನ್ನ ರೂಂಮೇಟು. ಆ ಜಗಳ ಇನ್ನೂ ಮುಗಿದಿಲ್ಲ."

"ಗ್ಯಾಸು," ಎಂದ ಹಾಲೇಶಣ್ಣ.

ಪಾರ್ಕಿಗೆ ಪಾರ್ಕೇ ಹತ್ತಿರ ಸರಿಯಿತು...
ಮೌಳಿ ಸಾರ್ ಕಣ್ಣೊರೆಸಿಕೊಂಡರು. ಕೋಟಿನ ಕಾಲರ್ ಎತ್ತಿದರು. ಒಂದು ಕೈ ಆಕಾಶಕ್ಕೆ ಚಾಚಿದರು.

"ತಿರುಗಿ ನೋಡೆ ಹುಡುಗಿ, ನನ್ನ ಎದೆಯ ತುಂಬ..."

ಅಷ್ಟೇ! ಕೈ ಮೇಲೆ, ಬಾಯಿ ತೆರೆದೇ... ಸಾಕ್ಷಾತ್ ಸ್ಟ್ಯಾಚ್ಯೂ!

"ಅಯ್ಯಯ್ಯೋ... ನನಗೇ ಮರ್ತು ಹೋಗೈತಲ್ರೋ!"

ಮೊದಲು ಅವರ ಭುಜ ಕುಲುಕಿತು, ಆಮೇಲೆ ಹೊಟ್ಟೆ... ಠಪ್ ಎಂದು ಆ ಒಂದೇ ಗುಂಡಿ ಹಾರಿ ನೇರವಾಗಿ ನನ್ನ ಹಣೆಗೇ ಬಡಿಯಿತು!

"ತಗೋ ಸ್ವೀಡನ್ನೂ!" ಎಂದರು.

ಆ ಸಂಜೆ ಇಡೀ ಪಾರ್ಕು ನಕ್ಕಿತು... ಎಲ್ಲರಿಗಿಂತ ಜೋರಾಗಿ, ಅಳೆಯದೆ ಸುರಿಯದೆ ನಕ್ಕವರು ಮೌಳಿ ಸಾರ್.


ನಮ್ಮ ಹಾಡು ತುಂಡಾಯಿತೆಂದು ನಾವು ಕೊರಗುವ ಜಾಗದಲ್ಲೇ, ಯಾರೋ ಕುಣಿಯಲು ಕಲಿತಿರುತ್ತಾರೆ.

ನಿಮ್ಮ ಅಟ್ಟದ ಮೇಲೆ ಯಾವ ಬೆಳ್ಳಿ ಕೋಟು ಮಲಗಿದೆ... ಗುಂಡಿ ಹಾರಿದರೂ ಸರಿ, ಒಮ್ಮೆ ಹಾಕಿಕೊಂಡು ನೋಡಬಾರದೇ?