ಬಳ್ಳಿ ಕೆತ್ತಿದ ಕೋಲು

"ಕಣ್ಣು ಮುಚ್ಕೊಂಡು ಹಿಡೀರಿ," ಎಂದರು ತೆರಿಗೆ ನ್ಯಾಯಾಲಯದ ನ್ಯಾಯಾಧೀಶೆ, ಪೀಠದಿಂದ ಇಳಿದು ಬಂದು ಸರ್ಕಾರಿ ವಕೀಲರ ಎದುರು ನಿಂತು.

ನ್ಯಾಯಾಧೀಶೆಯ ಕೈಯಲ್ಲಿದ್ದದ್ದು ಬಡಗಿಯೊಬ್ಬ ಅಂಧರಿಗೆಂದು ಮಾಡಿದ ಕೋಲು. ಅದರ ಹಿಡಿಯ ಮೇಲೆ ಬಳ್ಳಿಯೊಂದನ್ನು ಕೆತ್ತಿದ್ದ. ಫೋಟೊ ನೋಡಿಯೇ ಇಲಾಖೆ ಅದನ್ನು ಅಲಂಕಾರದ ವಸ್ತುವೆಂದು ತೀರ್ಮಾನಿಸಿ ದುಪ್ಪಟ್ಟು ತೆರಿಗೆ ಹಾಕಿತ್ತು. ಕೋಲನ್ನು ಯಾರೂ ಮುಟ್ಟಿಯೂ ನೋಡಿರಲಿಲ್ಲ. ವಕೀಲರಂತೂ ಬೆಳಗಿನಿಂದ "ಇದು ಬರೀ ಶೋಕಿ" ಎಂದು ಗಂಟಲು ಹರಿದುಕೊಂಡಿದ್ದರು. "ಈ ತೆರಿಗೆ ಸೇರಿಸಿ ಮಾರಿದ್ರೆ ಕೋಲು ಕೊಳ್ಳೋರೇ ಇರಲ್ಲಮ್ಮ, ಅಂಗಡಿ ಮುಚ್ಬೇಕಾಗುತ್ತೆ," ಎಂದಷ್ಟೇ ಬಡಗಿ ಹೇಳಿದ್ದ.

ವಕೀಲರು ಕಣ್ಣು ಮುಚ್ಚಿದರು. ನ್ಯಾಯಾಧೀಶೆ ಕೋಲನ್ನು ಎರಡು ಸುತ್ತು ತಿರುಗಿಸಿ ಅವರ ಕೈಗಿಟ್ಟರು. "ಇದರ ತುದಿ ಒಂದು ಕಡೆಗೆ ಬಾಗಿದೆಯಲ್ಲ, ಈಗ ಅದು ಯಾವ ಕಡೆಗಿದೆ ಹೇಳಿ."

ವಕೀಲರ ತೋರುಬೆರಳು ಬಳ್ಳಿಯ ಮೇಲೆ ಜಾರುತ್ತ ಹೋಗಿ, ಕೊನೆಯ ಎಲೆಯ ಗುಳಿಯಲ್ಲಿ ತಾನಾಗಿಯೇ ಕೂತಿತು. ಎಲೆಯ ಮೊನೆ ತುದಿ ಬಾಗಿದ ದಿಕ್ಕನ್ನೇ ತೋರುತ್ತಿತ್ತು. ಗೊತ್ತಾಗಲಿಲ್ಲ ಎಂದುಬಿಟ್ಟಿದ್ದರೆ ಬಳ್ಳಿ ಬರೀ ಅಲಂಕಾರವೆಂದಾಗಿ ಮೊಕದ್ದಮೆ ಅವರೇ ಗೆಲ್ಲುತ್ತಿದ್ದರು. ಬಡಗಿ ನೆಲ ನೋಡುತ್ತಿದ್ದ.

"ಬಾಗಿಲ ಕಡೆಗೆ, ಮೇಡಂ," ಎಂದರು ವಕೀಲರು. ಆಮೇಲೆ ಕಣ್ಣು ತೆರೆಯದೆಯೇ, ಮೇಜಿನ ಮೇಲಿದ್ದ ತಮ್ಮ ಕಡತವನ್ನು ತಡವಿ ಮುಚ್ಚಿದರು.