ಮದ್ದಿಲ್ಲದ ಗುಂಡು

ಒಳಗೆ ಏನಾದರೂ ಉಳಿದಿದೆಯೇ ಎಂದು ನೋಡಲು ಥರ್ಮನ್ ಕಡ್ಡಿಯನ್ನು ಕೋವಿಯ ಬಾಯೊಳಗೆ ಇಳಿಬಿಟ್ಟ. ಬೆಳಗಿನಿಂದ ಮೂವತ್ತೊಂದು ಕೋವಿಗಳಿಗೆ ಹೀಗೆಯೇ ಇಳಿಬಿಟ್ಟಿದ್ದ. ಪ್ರತಿ ಸಲವೂ ಕಡ್ಡಿ ತಳಕ್ಕೆ ತಾಗಿ ಟಿಣ್ ಎಂದಿತ್ತು. ಈ ಸಲ ಡಬ್ ಎಂದಿತು. ಎತ್ತಿ ಇನ್ನೊಮ್ಮೆ ಬಿಟ್ಟ. ಮತ್ತೆ ಡಬ್.

"ಕರ್ನಲ್, ಸ್ವಲ್ಪ ಬಾಯಿ ಮುಚ್ಚಯ್ಯ. ಇದ್ರೊಳಗೆ ಏನೋ ಇದೆ."

ಹರಾಜು ಕೂಗುತ್ತಿದ್ದವನು ಅರ್ಧಕ್ಕೇ ನಿಲ್ಲಿಸಿದ. ಸೈನ್ಯದ ಬಾಗಿಲು ಕಾಣದಿದ್ದರೂ ಆ ಕಡೆ ಹರಾಜು ಕೂಗುವವರೆಲ್ಲ ಕರ್ನಲ್‌ಗಳೇ. ನಳಿಗೆಗಳ ಕಟ್ಟು, ಮೇಪಲ್ ಮರದ ಹಿಡಿಕೆ, ತಿರುಪು ಮೊಳೆಯ ಡಬ್ಬಿ ಎಲ್ಲ ಹೋಗಿಯಾಗಿತ್ತು. ಇದು ಕೊನೆಯ ಕೋವಿ. ಇವತ್ತು ಬಾಗಿಲು ಹಾಕುತ್ತಿದ್ದ ಈ ಕಾರ್ಖಾನೆಯನ್ನು ಕಟ್ಟಿದ ಹಾರ್ಲನ್ ಬೀಡಲ್ ತನಗಾಗಿಯೇ ಮಾಡಿಕೊಂಡದ್ದು. ಅವನು ಸತ್ತು ಒಂದೂವರೆ ವರ್ಷವಾದರೂ ಆಫೀಸಿನ ಗೋಡೆಯ ಮೇಲೇ ಇತ್ತು. ಬಾಯಿಯಿಂದ ಮದ್ದು ಸುರಿದು, ಮೇಲೆ ಗುಂಡು ಜಡಿಯುವ ಹಳೇ ನಮೂನೆಯ ಕೋವಿ. ಅದನ್ನು ತುಂಬುವುದು ಹೇಗೆಂದು ಮಿಸ್ಸೂರಿಯ ಅರ್ಧ ಬೇಟೆಗಾರರಿಗೆ ಕಲಿಸಿದವನು ಹಾರ್ಲನ್.

ಅವನ ಹೆಂಡತಿ ಆರ್ಡಿತ್ ಹಿಂದಿನ ಸಾಲಿನ ಮಡಿಸುವ ಕುರ್ಚಿಯಲ್ಲಿದ್ದಳು. ಡಬ್ ಎಂದದ್ದೇ ತಡ, ತೊಡೆಯ ಮೇಲಿದ್ದ ಪೈ ತಿಂಡಿಯ ತಟ್ಟೆಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಈ ಒಂದು ಕೋವಿಯನ್ನು ಮಾತ್ರ ಯಾರೂ ಪರೀಕ್ಷಿಸದಿರಲಿ ಎಂದು ಬೆಳಗಿನಿಂದ ಬಯಸುತ್ತಿದ್ದಳು. ಜಡಿದ ಗುಂಡನ್ನು ಹೊರಗೆಳೆಯುವ ಬಲ ಅವಳ ತೋಳಿಗಿರಲಿಲ್ಲ. ಬೇರೆಯವರನ್ನು ಕರೆದರೆ ಕಾರಣ ಹೇಳಬೇಕಾಗುತ್ತಿತ್ತು.

ಕೋವಿಯ ಬಾಯಿಯ ಮಟ್ಟಕ್ಕೆ ಕಡ್ಡಿಯ ಮೇಲೆ ಹೆಬ್ಬೆರಳು ಒತ್ತಿ, ಥರ್ಮನ್ ಅದನ್ನು ಹೊರಗೆಳೆದು ನಳಿಗೆಯ ಹೊರಮೈಗೆ ಹಿಡಿದು ನೋಡಿದ. ತಳಕ್ಕೆ ಅರ್ಧ ಇಂಚು ಕಡಿಮೆ. ಒಂದು ಗುಂಡಿಗಷ್ಟೇ ಜಾಗ; ಕೆಳಗೆ ಮದ್ದಿದ್ದರೆ ಇನ್ನೂ ಮೇಲೆ ನಿಲ್ಲಬೇಕಿತ್ತು. ಅವನ ಮುಖ ಅರಳಿತು.

"ಮದ್ದೇ ಇಲ್ಲ ಕಣ್ರೋ. ಬರೀ ಗುಂಡು."

"ಸುಮ್ನಿರಯ್ಯ. ಹಾರ್ಲನ್ ಕೋವೀಲಾ?" ಎಂದ ಕರ್ನಲ್.

"ನೀನೇ ಬಂದು ನೋಡು. ಮುದುಕ ಕೊನೆಗೂ ಸಿಕ್ಕಿಬಿದ್ದ."

ಷೆಡ್ಡಿಗೆ ಷೆಡ್ಡೇ ನಕ್ಕಿತು. ಮದ್ದು ಮರೆತು ಗುಂಡು ಜಡಿದವನು ಆ ಗುಂಡನ್ನು ದಾರಕ್ಕೆ ಕಟ್ಟಿ ಸಂಜೆಯವರೆಗೆ ಕೊರಳಿಗೆ ಹಾಕಿಕೊಳ್ಳಬೇಕೆಂಬ ಪದ್ಧತಿ ಮಾಡಿದ್ದು ಹಾರ್ಲನ್ನೇ. ಅಲ್ಲಿದ್ದವರಲ್ಲಿ ಹಾಕಿಕೊಳ್ಳದೆ ಉಳಿದವರು ಕಡಿಮೆ.

"ನಂಗೆ ಮೂರು ಸಲ ಹಾಕ್ಸಿದ್ದ," ಎನ್ನುತ್ತ ಥರ್ಮನ್ ಕಡ್ಡಿಯ ತುದಿಗೆ ಗುಂಡು ಕೀಳುವ ತಿರುಪು ಸಿಕ್ಕಿಸಿದ. "ಒಂದ್ಸಲ ಅಂತೂ ನನ್ ಮದುವೆ ದಿನ. ಫೋಟೋದಲ್ಲಿ ಈಗ್ಲೂ ಇದೆ."

"ಹೆಂಡ್ತಿ ಬಿಟ್ಟುಹೋದ್ಲು, ಗುಂಡು ಉಳ್ಕೊಳ್ತು," ಎಂದ ಕರ್ನಲ್.

ಆರ್ಡಿತ್ ನಗಲಿಲ್ಲ. ಪ್ರತಿ ನಳಿಗೆಯ ಮೇಲೂ ತನ್ನ ಹೆಸರು ಕೆತ್ತಿಸಿದವನ ಕೊನೆಯ ಸುದ್ದಿ ಇದೇ ಆಗಲಿತ್ತು: ಹಾರ್ಲನ್ ಬೀಡಲ್ ಮದ್ದು ಮರೆತ. ಸಂಜೆಯೊಳಗೆ ಮೂರು ತಾಲೂಕಿನಲ್ಲಿ ನಗುತ್ತಾರೆ. ಅದನ್ನು ತಡೆಯಬೇಕಾದರೆ ಅದಕ್ಕಿಂತ ದೊಡ್ಡದನ್ನು ಹೇಳಬೇಕು. ಅವನ ಕೊನೆಯ ಬೇಟೆಯ ಕಾಲದಲ್ಲಿ, ಹಗ್ಗದ ಮೇಲೆ ಒಣಗಲು ಹಾಕಿದ ಕಂಬಳಿಗೆ ಅವನು ಜಿಂಕೆಯೆಂದು ಉಸಿರು ಬಿಗಿಹಿಡಿದು ಗುರಿಯಿಟ್ಟದ್ದನ್ನು ಅವಳು ಅಡುಗೆಮನೆಯ ಕಿಟಕಿಯಿಂದ ನೋಡಿದ್ದಳು. ಬೇಟೆಗೆ ಹೋಗಬೇಡ ಎನ್ನಲು ಮನಸ್ಸು ಬರಲಿಲ್ಲ. ಅವನಿಗೆ ಉಳಿದಿದ್ದುದು ಅದೊಂದೇ. "ಕೈ ನಡುಗ್ತದೆ, ನೀನೇ ತುಂಬಿಕೊಡೆ" ಎಂದು ಅವನು ಕೋವಿ ಚಾಚಿದಾಗ ತುಂಬಿಕೊಟ್ಟಳು. ಊರಿಗೆಲ್ಲ ಕಡ್ಡಿ ಇಳಿಸಿ ನೋಡಲು ಹೇಳಿಕೊಟ್ಟವನು ನೋಡದೆ ಹೊರಟುಹೋದ.

ಆ ರಾತ್ರಿ ಬೀನ್ಸ್ ಸಾರಿಗೆ ಜೋಳದ ರೊಟ್ಟಿ ಅದ್ದುತ್ತ ಹೇಳಿದ್ದ: "ಇವತ್ತೊಂದು ಸಿಕ್ಕಿತ್ತು ಕಣೆ. ಬೇಲಿ ಆಚೆ, ತೊರೆ ಹತ್ರ. ಹೊರಗಿನ ಕೇಪು ಮಾತ್ರ ಚಟ್ ಅಂತು, ಒಳಗೆ ಸಿಡೀಲಿಲ್ಲ. ಮದ್ದು ಒದ್ದೆಯಾಗಿರ್ಬೇಕು."

"ಗಂಡು ಜಿಂಕೇನಾ?"

"ಹೂಂ. ಕಿತ್ತಳೆ ಬಣ್ಣದ ಕೋಟು ಹಾಕ್ಕೊಂಡಿತ್ತು."

ಆ ಕಾಡಿನಲ್ಲಿ ಕಿತ್ತಳೆ ಕೋಟು ಹಾಕುವುದು ಮನುಷ್ಯರು ಮಾತ್ರ, ಬೇರೆ ಬೇಟೆಗಾರರ ಕಣ್ಣಿಗೆ ಬೀಳಲೆಂದು. ಬೇಲಿಯಾಚೆಯ ತೊರೆಯ ದಂಡೆ ಥರ್ಮನ್‌ನದು. ಇಪ್ಪತ್ತು ವರ್ಷದಿಂದ ಅಲ್ಲಿ ಜಿಂಕೆಗೆ ಹೊಂಚು ಕೂರುತ್ತಿದ್ದದ್ದು ಅವನೊಬ್ಬನೇ. ಮರುದಿನ ಅವಳು ಕೋವಿಯನ್ನು ಆಫೀಸಿನ ಗೋಡೆಗೆ ಏರಿಸಿದಳು. ಹಾರ್ಲನ್ ಮತ್ತೆ ಅದನ್ನು ಕೇಳಲಿಲ್ಲ.

ಪುಳಕ್ ಎಂದು ಗುಂಡು ಹೊರಬಂತು. ಯಾರೋ ಬೂಟಿನ ದಾರ ಬಿಚ್ಚಿಕೊಟ್ಟರು. ಥರ್ಮನ್ ಕಟ್ಟಿ, ಜನರ ನಡುವೆ ದಾರಿ ಮಾಡಿಕೊಂಡು ಆರ್ಡಿತಳ ಕುರ್ಚಿಯ ಮುಂದೆ ಬಂದು ಟೋಪಿ ತೆಗೆದ. ಆ ಗುಂಡನ್ನು ಎರಡೂ ಕೈಯಲ್ಲಿ, ಹಾರ ಹಿಡಿದ ಹಾಗೆ ಹಿಡಿದಿದ್ದ. ಅವನ ಕಣ್ಣಲ್ಲಿ ನಗುವಿನ ಜೊತೆ ನೀರೂ ಇತ್ತು.

"ಅಕ್ಕ, ಅವನಿಲ್ವಲ್ಲ. ಅವನ ಪರವಾಗಿ ನೀವು ಹಾಕ್ಕೊಳ್ಳಿ. ಸಂಜೆ ತನಕ ಅಷ್ಟೆ. ಅವನು ಮಾಡಿದ್ದ ಕಾನೂನು, ಅವನಿಗೂ ಬಿಡಬಾರ್ದು."

"ಹಾಕ್ಕೊಳ್ಳಿ ಅಕ್ಕ," ಎಂದರು ಹಿಂದಿನಿಂದ ನಾಲ್ಕಾರು ಜನ.

ಆರ್ಡಿತ್ ತಟ್ಟೆಯನ್ನು ಪಕ್ಕದ ಕುರ್ಚಿಯ ಮೇಲಿಟ್ಟಳು. ಥರ್ಮನ್‌ನ ಮುಖವನ್ನು, ಆಮೇಲೆ ಅವನ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ನೋಡಿದಳು.

"ಹಾಕ್ಕೊಳ್ಳಲ್ಲ ಥರ್ಮನ್," ಎಂದಳು. "ಅದು ಮರೆತವರಿಗೆ. ಅವತ್ತು ತುಂಬಿದ್ದು ನಾನು. ನಾನು ಮರೆತಿರ್ಲಿಲ್ಲ."