ಅಡಗಲಾರದ ಹುಡುಗಿ

ಸಿಟಿ ಸ್ಕ್ಯಾನ್ ಆದವರ ತಲೆ ಹೊಳೆಯುವುದು ಹುಬ್ಬಳ್ಳಿಯಲ್ಲಿ ಯಾರಿಗೂ ಹೊಸದಲ್ಲ. ದೊಡ್ಡವರಲ್ಲಿ ಆ ಬೆಳಕು ವಾರದೊಳಗೆ ಆರುತ್ತದೆ. ಎಳೆಯ ಮಕ್ಕಳಲ್ಲಿ ಆರುವುದೇ ಇಲ್ಲ.

ಹೋದ ವರ್ಷ ಫಕ್ಕೀರವ್ವನ ಮೂರು ವರ್ಷದ ಮೊಮ್ಮಗಳು ಸಿಂಚನಾ ಮಂಚದಿಂದ ಬಿದ್ದಾಗ ಹಣೆ ನೆಲ್ಲಿಕಾಯಿಯಷ್ಟು ಊದಿತ್ತು. ಫಕ್ಕೀರವ್ವನ ಕಣ್ಣಿಗೆ ಅದು ತೆಂಗಿನಕಾಯಿ.

"ವಾಂತಿ ಇಲ್ಲ, ಆಡಾಕತ್ತಾಳ. ಸ್ಕ್ಯಾನ್ ಬ್ಯಾಡವ್ವಾ, ನಾಕು ತಾಸು ಇಲ್ಲೇ ಇಟ್ಕೊಂಡು ನೋಡೋಣ" ಎಂದರು ಡಾಕ್ಟರು.

"ನಮ್ಮ ಹುಡುಗಿ ತಲಿ ಎಂಟು ಹೋಳಾಗೇತಿ, ನೀವು ನೋಡ್ಕೋತ ಕೂಡ್ತೀರೇನ್ರೀ!" ಆಸ್ಪತ್ರೆಯ ಚಾವಣಿ ಹಾರುವಂತೆ ಕೂಗಾಡಿ ಫಕ್ಕೀರವ್ವ ಸ್ಕ್ಯಾನ್ ಮಾಡಿಸಿಯೇ ಬಿಟ್ಟಳು. ತಲೆಯೊಳಗೆ ಏನೂ ಆಗಿರಲಿಲ್ಲ.

ಇವತ್ತು ಸಿಂಚನಾ ಓಣಿಯಿಂದ ಅಳುತ್ತ ಬಂದಳು. "ಆಯಿ, ಕಣ್ಣಾಮುಚ್ಚಾಲಿಗೆ ನನ್ನ ಕರ್ಕೊಳ್ಳಂಗಿಲ್ಲಂತ. ಎಲ್ಲಿ ಅಡಗಿದ್ರೂ ನಾನ ಮೊದ್ಲ ಸಿಗ್ತೀನಂತ."

"ಅವ್ರ ಮಾರಿಗೆ ಸಗಣಿ ಬಡಿಯಾ! ನಾವಿಬ್ರ ಆಡೋಣ ಬಾ. ನನಗಂತೂ ಮುಂದ ಆನಿ ನಿಂತ್ರೂ ಕಾಣಂಗಿಲ್ಲ."

ಫಕ್ಕೀರವ್ವ ಗೋಡೆಗೆ ಮುಖವಿಟ್ಟು ಹತ್ತರವರೆಗೆ ಎಣಿಸಿ ತಿರುಗಿದಳು. ಕಪಾಟಿನ ಬಾಗಿಲ ಸಂದಿಯಿಂದ ಬೆಳಕು ಸೋರಿ ಅವಳ ಪಾದದವರೆಗೂ ಹರಿದು ಬಂದಿತ್ತು.

"ಎಲ್ಲಿ ಹೋತವ್ವಾ ಈ ಕಳ್ಳಿ? ಹುಬ್ಬಳ್ಳಿ ಬಿಟ್ಟ ಓಡಿ ಹೋತೇನ?" ಎನ್ನುತ್ತ ಅವಳು ಹಂಡೆಯೊಳಗೆ ಇಣುಕಿದಳು, ಹಾಸಿಗೆ ಕೊಡವಿದಳು.

ಕಪಾಟಿನೊಳಗೆ ಕಿಲಕಿಲ ನಗು ಕೇಳಿಸಿತು. ಫಕ್ಕೀರವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಆ ಬೆಳಕಿಗೆ ಬೆನ್ನು ಮಾಡಿ, ಮತ್ತೆ ಖಾಲಿ ಹಂಡೆಯೊಳಗೇ ಹುಡುಕತೊಡಗಿದಳು.